ಅಗುಳಿನಾಥನ ಮೂರು ಬೀಗಗಳು

ಏಳು ಹೊಳೆ ದಾಟಿದರೆ ಸಿಗುವ ಹೊನ್ನೇರಿ ರಾಜ್ಯದಲ್ಲಿ, ಬಹಳ ಹಿಂದೆ, ಸಂಕವ್ವ ಎಂಬ ಚಾಪೆ ಹೆಣೆಯುವ ಹೆಂಗಸಿದ್ದಳು. ಅವಳಿಂದ ಆಗದು ಎಂದವರು ಮೂವರು. "ಹೆಣ್ಣಿನ ತಲೆಗೆ ಅಕ್ಷರ ಹತ್ತೋದಿಲ್ಲ" ಎಂದಿದ್ದ ಸೋದರಮಾವ. "ಗಂಡನಿಲ್ಲದೆ ಮಗಳನ್ನು ಸಾಕೋದು ನಿನ್ನ ಕೈಲಾಗದು" ಎಂದಿದ್ದಳು ಅತ್ತೆ. ಮೂರನೆಯವರು ಪ್ರೌಢಶಾಲೆಯ ಹೆಡ್‌ಮಾಸ್ತರು ಪಾಂಡಪ್ಪ. ಅವರ ಮಾತು ಮುಂದೆ ಬರುತ್ತದೆ.

ಸಂಕವ್ವ ಉಪ್ಪು ಕಟ್ಟಿಕೊಟ್ಟ ಹಾಳೆಗಳನ್ನು ಬಿಡಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ತಾನೇ ಓದು ಕಲಿತಳು. ಮಗಳು ಹೂವಿಯನ್ನು ಏಳನೆಯ ತರಗತಿ ದಾಟಿಸಿದಳು. ಇನ್ನು ಎಂಟಕ್ಕೆ ಸೇರಿಸಬೇಕು.

ರಾಜ್ಯಕ್ಕೆಲ್ಲ ಇದ್ದದ್ದು ಒಂದೇ ಸರ್ಕಾರಿ ಪ್ರೌಢಶಾಲೆ. ಹಿಂದಿನ ರಾಜ ಅದನ್ನು ಹೊಂಗೆಮರದ ನೆರಳಲ್ಲಿ ನಲವತ್ತು ಮಕ್ಕಳಿಂದ ಶುರುಮಾಡಿದ್ದ. ಆಮೇಲೆ ಕಲ್ಲಿನ ಕಟ್ಟಡ ಎದ್ದಿತು. ಎಂಟು ಕೋಣೆ, ಪುಸ್ತಕಾಲಯ, ಗಾಜಿನ ಸಾಮಾನು ತುಂಬಿದ ಪ್ರಯೋಗಶಾಲೆ, ಹಿಂದೆ ಆಟದ ಬಯಲು. ಆದರೆ ಒಂದು ಗಾಜು ಒಡೆದರೂ ತಪಾಸಣೆಗೆ ಬರುವ ಅರಮನೆ ಅಧಿಕಾರಿಗೆ ಹೆಡ್‌ಮಾಸ್ತರು ಉತ್ತರ ಹೇಳಬೇಕು. ಆ ಹೆದರಿಕೆಗೆ ಪಾಂಡಪ್ಪನವರು ಮಾಂತ್ರಿಕ ಅಗುಳಿನಾಥನನ್ನು ಕರೆಸಿದರು.

"ಒಂದೂ ಸವೆಯದ ಹಾಗೆ ಕಾಯ್ತೀನಿ. ಏಳು ವರ್ಷ ಯಾರೂ ಮುಟ್ಟದಿದ್ದರೆ ಶಾಲೆ ನನ್ನದು" ಎಂದ ಅಗುಳಿನಾಥ. ಪುಸ್ತಕಾಲಯ, ಪ್ರಯೋಗಶಾಲೆ, ಬಯಲು ಮೂರಕ್ಕೂ ಬೀಗ ಹಾಕಿದ, ಮೂರು ಮೃಗಗಳನ್ನು ಕೂರಿಸಿದ. ಮಕ್ಕಳು ಬೀಗದ ಪಕ್ಕದಲ್ಲೇ ಕೂತು ಬಾಯಿಪಾಠ ಮಾಡಿದರು.

ಏಳನೆಯ ವರ್ಷದ ಕಡೆಯ ದಿನ ಸಂಕವ್ವ ಮಗಳ ಕೈಹಿಡಿದು ಬಂದಳು. ಶಾಲೆಯ ಗೋಡೆ ಬುಡದಿಂದ ಮೇಲಕ್ಕೆ ಕಪ್ಪಾಗುತ್ತಿತ್ತು.

"ಸೇರಿಸ್ಕೊಳ್ಳೋಕಾಗಲ್ಲಮ್ಮ. ಹೊತ್ತು ಮುಳುಗಿದ ಮೇಲೆ ಶಾಲೆಯೇ ಇರಲ್ಲ" ಎಂದರು ಪಾಂಡಪ್ಪ.

"ಬೀಗದ ಕೈ ಕೊಡಿ ಮಾಸ್ತರೇ."

"ನಿನ್ನಿಂದಾಗುತ್ತಾ? ಒಳಗಿನ ಸಾಮಾನು ಸವೆಸಿದವರ ಮೈ ಸವೆಯುತ್ತೆ. ಆಸ್ಥಾನದ ಪೈಲ್ವಾನರೇ ಓಡಿಹೋದರು. ನೀನು ಚಾಪೆ ಹೆಣೆಯೋಳು!"

"ಹೌದು, ಚಾಪೆ ಹೆಣೆಯೋಳೇ. ಕೊಡಿ."

ಪುಸ್ತಕಾಲಯದ ಬೀಗ ತೆಗೆದಳು. ಕಪಾಟಿಗೆ ಸುತ್ತಿಕೊಂಡಿದ್ದ ಹೆಬ್ಬಾವು ತಲೆಯೆತ್ತಿತು. "ಪುಟ ತಿರುವಿದರೆ ಒಂದು ಕಣ್ಣು."

"ಪೂರ್ತಿ ಪುಸ್ತಕ ಓದಿದರೆ?"

"ಆಗಲೂ ಒಂದೇ."

"ಹಾಗಾದರೆ ಪೂರ್ತಿ ಓದ್ತೀನಿ."

ನಿಂತೇ ಓದಿದಳು. ಒಂದು ಕಣ್ಣು ಸಾಲಿನ ಮೇಲೆ, ಒಂದು ಕಣ್ಣು ಕಿಟಕಿಯ ಬಿಸಿಲಿನ ಮೇಲೆ. ಕಡೆಯ ಪುಟ ಮಗುಚಿದಾಗ ಎಡಗಣ್ಣು ಆರಿತು. ಹೆಬ್ಬಾವು ಎರೆಹುಳುವಾಗಿ ಬಾಗಿಲ ಸಂದಿಯಲ್ಲಿ ಹೋಯಿತು.

ಪ್ರಯೋಗಶಾಲೆಯ ಬೀಗ ತೆಗೆದಳು. ಗಾಜಿನ ಗಿಡುಗ ರೆಕ್ಕೆ ಬಿಚ್ಚಿತು. "ಒಂದು ನಳಿಗೆ ಒಡೆದರೆ ಒಂದು ಬೆರಳು."

ಸಂಕವ್ವ ದೀಪ ಹಚ್ಚಿ ಬಣ್ಣದ ನೀರು ಕಾಯಿಸಿದಳು. ನೀರು ಸಪೂರ ನಳಿಗೆಯಲ್ಲಿ ತಾನಾಗಿ ಮೇಲೇರಿತು. "ನೋಡೇ ಹೂವಿ, ಏರ್ತಾ ಇದೆ!" ಎಂದು ಕೂಗುವಷ್ಟರಲ್ಲಿ ಗಾಜು ಚಟ್ಟನೆ ಸೀಳಿತು. ಅವಳ ಕಿರುಬೆರಳು ಹುಣಿಸೆಬೀಜದಂತೆ ನೆಲಕ್ಕೆ ಬಿತ್ತು. ರಕ್ತ ಬರಲಿಲ್ಲ. ಗಿಡುಗ ಪುಡಿಯಾಯಿತು.

ಬಿಸಿಲು ಕೆಂಪಗಾಗಿತ್ತು. ಬಯಲಿನ ಗೇಟು ನೂಕಿದರೆ ಎದುರಿಗೆ ಹುಲ್ಲಿನ ಗೂಳಿ. "ತುಳಿದವರ ಕಾಲು ನನ್ನವು. ಎರಡೂ."

ಸಂಕವ್ವ ಸೀರೆ ಎತ್ತಿಕಟ್ಟಿದಳು. ಹೂವಿ ಸೆರಗು ಜಗ್ಗಿದಳು. "ಅವ್ವಾ, ಇನ್ನೆಷ್ಟು ಸವೀತೀಯೇ ಒಬ್ಬಳೇ?"

"ಬಿಡು ಸೆರಗು. ಯಾರ ಹಂಗೂ ಬೇಕಿಲ್ಲ ನನಗೆ."

"ಇದು ಆಟದ ಬಯಲು ಕಣವ್ವಾ. ಒಬ್ಬಳೇ ಏನು ಕಬಡ್ಡಿ ಆಡ್ತೀಯ, ನಿನ್ನ ಕಾಲು ನೀನೇ ಹಿಡ್ಕೊಂಡು?"

ಸಂಕವ್ವ ನಿಂತಳು. ಹುಟ್ಟಿದಾಗಿನಿಂದ ಅವಳು ಯಾರನ್ನೂ ಸಹಾಯಕ್ಕೆ ಕರೆದವಳಲ್ಲ. ಸೂರ್ಯ ಬೆಟ್ಟ ಮುಟ್ಟಿದ.

"ಬನ್ರೋ ಮಕ್ಕಳಾ!" ಎಂದು ಕೂಗಿಯೇಬಿಟ್ಟಳು.

ಎಂಟು ಕೋಣೆಗಳಿಂದ ಮುನ್ನೂರು ಮಕ್ಕಳು ನುಗ್ಗಿ ಬಂದರು. "ಕಬಡ್ಡಿ ಕಬಡ್ಡಿ" ಎಂದು ಸಂಕವ್ವನೂ ಗೆರೆ ದಾಟಿದಳು. ಗೂಳಿ ತಬ್ಬಿಬ್ಬಾಯಿತು. ಎರಡು ಕಾಲಿನ ಲೆಕ್ಕವನ್ನು ಇಷ್ಟು ಜನಕ್ಕೆ ಹಂಚಿದಾಗ ಒಬ್ಬೊಬ್ಬರಿಗೂ ಒಂದೊಂದು ತರಚು ಗಾಯ ಬಂತು, ಮಂಡಿಯ ಮೇಲೆ, ಅಷ್ಟೇ. ಗೂಳಿ ಹುಲ್ಲಿನ ಹೊರೆಯಾಗಿ ಕುಸಿಯಿತು.

ಹೊತ್ತು ಮುಳುಗುವುದನ್ನೇ ಗೇಟಿನಲ್ಲಿ ಕಾಯುತ್ತಿದ್ದ ಅಗುಳಿನಾಥನ ಮೇಲೆ ಏಳು ವರ್ಷ ತಡೆದಿಟ್ಟ ಸವೆತವೆಲ್ಲ ಒಟ್ಟಿಗೆ ಬಿತ್ತು. ಅವನು ಸೀಮೆಸುಣ್ಣದ ಪುಡಿಯಾಗಿ ಉದುರಿದ. ಗೋಡೆಯ ಕಪ್ಪು ಇಳಿಯಿತು.

ಮರುದಿನ ತಪಾಸಣೆಯ ಅಧಿಕಾರಿ ಒಡೆದ ನಳಿಗೆ ಎತ್ತಿ ಹಿಡಿದ. "ಇದೇನು?"

ಪಾಂಡಪ್ಪನವರು ಮುಂದೆ ಬಂದು ಹೇಳಿದರು: "ಬಳಸಿದ್ದು ಸ್ವಾಮಿ. ಇನ್ನೂ ಒಡೆಯುತ್ತವೆ. ಹೊಸವು ಕಳಿಸಿ."

ಅಧಿಕಾರಿ ಕಳಿಸಿದ. ಹೊನ್ನೇರಿಯ ಮಕ್ಕಳು ಓದುತ್ತ, ಒಡೆಯುತ್ತ, ಬಿದ್ದು ಏಳುತ್ತ ಸುಖವಾಗಿದ್ದರು.

ಹೂವಿಯ ಹೆಸರು ಬರೆಸಿದ ಮೇಲೂ ಸಂಕವ್ವ ಹೋಗಲಿಲ್ಲ. "ಇನ್ನೊಂದು ಹೆಸರು ಬರ್ಕೊಳ್ಳಿ, ಸಂಕವ್ವ ಅಂತ. ಮುಂದಿನ ಬೆಂಚು ಕೊಡಿ, ಒಂದೇ ಕಣ್ಣಿಗೆ ಹಲಗೆ ಕಾಣಬೇಕು."

ಈಗ ಎಂಟನೆಯ ತರಗತಿಯ ಮುಂದಿನ ಬೆಂಚಿನ ತುದಿ ಅವಳದು. ಪುಸ್ತಕಾಲಯದ ಚೀಟಿ ಒಂದು ಅವಳದು. ಅದಕ್ಕೆ ಕೊಟ್ಟದ್ದು ಎಡಗಣ್ಣು, ಒಂದು ಕಿರುಬೆರಳು, ಮತ್ತೆ ಮಂಡಿಯ ಮೇಲಿನ ಒಂದು ಗಾಯ. ಗಾಯ ಆಗಲೇ ಮಾಯ್ದಿದೆ.