ಪಕ್ಕದವರ ಯಂತ್ರ

ನನ್ನ ತಮ್ಮ ಆರ್ವಿಡ್ ಮಿನೆಸೋಟದ ನಮ್ಮ ಸರೋವರದಲ್ಲಿ ಮಂಜುಗಡ್ಡೆ ಒಡೆದು, ಮೀನು ತೋರಿಸುವ ತನ್ನ ಯಂತ್ರದ ಸಮೇತ ಮುಳುಗಿದ. ಹೆಣ ಸಿಗಲಿಲ್ಲ. ಹೆಣವಿಲ್ಲದೆ ಚರ್ಚಿನಲ್ಲಿ ಸಾವಿನ ಪ್ರಾರ್ಥನೆ ಬೇಡವೆಂದು ಅವನ ಹೆಂಡತಿ ಸಿಗ್ನೆ ವರ್ಷವಿಡೀ ಹಠ ಹಿಡಿದಿದ್ದಳು. ಕೊನೆಗೆ ಅವನ ಅಕ್ಕ ನಾನೇ ಒಪ್ಪಿಸಿ, ಭಾನುವಾರ ಗೊತ್ತು ಮಾಡಿ, ಮನಸ್ಸು ಹಗುರಾಗಲೆಂದು ಅವಳನ್ನು ಅದೇ ಸರೋವರಕ್ಕೆ ಮೀನು ಹಿಡಿಯಲು ಕರೆದೊಯ್ದೆ.

ನನ್ನದೂ ಅಂಥದೇ ಹಳೆಯ ಯಂತ್ರ. ಬ್ಯಾಟರಿಯ ತುಕ್ಕು ಕೆರೆದು, ತಂತಿ ಬಿಗಿದು, ನೀರಿನಾಳ ಅಳೆಯುವ ಅದರ ಗುಂಡನ್ನು, ಡೇರೆಯೊಳಗೆ ಮಂಜುಗಡ್ಡೆಯಲ್ಲಿ ಕೊರೆದ ತೂತಿಗೆ ಇಳಿಬಿಟ್ಟೆ. ಮೋಟಾರು ಗುಂಯ್ ಎಂದಿತು. ಯಂತ್ರದ ದುಂಡು ಮುಖದಲ್ಲಿ ಸರೋವರದ ತಳ ಕೆಂಪಗೆ ಕಂಡಿತು. ಅಷ್ಟರಲ್ಲೇ ಮುಖದ ತುಂಬ ಗೆರೆಗಳು ಕುಣಿಯತೊಡಗಿದವು.

"ನಿಮ್ ರಿಪೇರಿ ದೇವ್ರಿಗೇ ಪ್ರೀತಿ ಅತ್ತಿಗೆ," ಅಂದಳು ಸಿಗ್ನೆ.

ಹತ್ತಿರ ಇನ್ನೊಂದು ಯಂತ್ರ ಓಡುತ್ತಿದ್ದರೆ ಹೀಗಾಗುತ್ತದೆ. ಆಗ ಕೂಗಿ ಹೇಳುವುದು ನಮ್ಮಲ್ಲಿ ವಾಡಿಕೆ. ಡೇರೆಯೊಳಗಿಂದಲೇ ಕೂಗಿದೆ: "ಯಾರಪ್ಪಾ ಅದು? ನಿಂದು ಒಂಚೂರು ಆರ್ಸು!"

ಗೆರೆಗಳು ತಟ್ಟನೆ ಹೋದವು.

ಉಪಕಾರವಾಯಿತು ಎನ್ನಲು ಪರದೆ ಸರಿಸಿದೆ. ನಡುಮಧ್ಯಾಹ್ನದ ಬಿಸಿಲು. ದಡದಿಂದ ದಡಕ್ಕೆ ಬರಿಯ ಹಿಮ. ನಮ್ಮಿಬ್ಬರ ಹೆಜ್ಜೆಯಲ್ಲದೆ ಬೇರೆ ಹೆಜ್ಜೆಯಿಲ್ಲ.

ತಿರುಗಿದರೆ ಸಿಗ್ನೆ ತೂತಿನ ಮೇಲೆ ಬಗ್ಗಿದ್ದಳು.

"ಬೇಡ ಕಣೇ," ಅಂದೆ.

"ರೀ," ಎಂದಳು ಅವಳು, ಊಟಕ್ಕೆ ಕರೆಯುವ ದನಿಯಲ್ಲಿ. "ಆಯ್ತು. ಈಗ ಹಾಕ್ಕೊಳ್ಳಿ."

ಗೆರೆಗಳು ಮತ್ತೆ ಕುಣಿದವು. ನನ್ನ ಯಂತ್ರ ಆರಿಸಿದೆ. ಗುಂಯ್ ಎನ್ನುವ ಸದ್ದು ನಿಲ್ಲಲಿಲ್ಲ, ತೂತಿನೊಳಗಿಂದ ಬರುತ್ತಿತ್ತು.

ಭಾನುವಾರದ ಪ್ರಾರ್ಥನೆ ಬೇಡವೆಂದು ಪಾದ್ರಿಗಳಿಗೆ ಹೇಳಿಬಂದವಳು ಸಿಗ್ನೆಯಲ್ಲ, ನಾನು.