ನೀಲಿ ನೂಲಿನ ಗಂಟು

ಹಳೆಯ ನ್ಯಾಪ್ಕಿನ್‌ಗಳನ್ನು ಒರೆಸುವ ಬಟ್ಟೆಗೆಂದು ಕತ್ತರಿಸುತ್ತಿದ್ದ ಅವಳ ಕೈ ತಟ್ಟನೆ ನಿಂತಿತು.

ಕತ್ತರಿಗೆ ಏನೋ ಗಟ್ಟಿಯಾಗಿ ಅಡ್ಡ ಸಿಕ್ಕಿತ್ತು. ಒಂದು ಗಂಟು! ಮೂಲೆಯಲ್ಲಿ ಬಿಗಿದ ಪುಟ್ಟ ಗಂಟು... ಅದರ ಸುತ್ತ ನೀಲಿ ನೂಲು.

'ಇದು... ಇದು ಇಲ್ಲಿಗೆ ಹೇಗೆ ಬಂತು?'

ಅವಳು ಕತ್ತರಿಯನ್ನು ಕೆಳಗಿಟ್ಟಳು.

ನಗರದ ನಡುವಿನ ಆ ದೊಡ್ಡ ಹೋಟೆಲಿನ ಬಟ್ಟೆ ಕೋಣೆಯಲ್ಲಿ ಅವಳು ಹೊಲಿಗೆಯವಳು. ಒಂದು ಕಾಲಕ್ಕೆ ಅದು ಹತ್ತಿ ವ್ಯಾಪಾರಿಯೊಬ್ಬನ ಬಂಗಲೆ. ಯುದ್ಧ ಬಂದಾಗ ಗಾಯಗೊಂಡವರ ಆಸ್ಪತ್ರೆ. ಆಮೇಲೆ ಹೋಟೆಲಾಯಿತು. ಅಮೃತಶಿಲೆಯ ಮೆಟ್ಟಿಲು, ಹಿತ್ತಾಳೆ ಜಾಲರಿಯ ಲಿಫ್ಟು, ಊಟದ ಹಾಲಿನ ನೆತ್ತಿಯ ಮೇಲೆ ಗಾಜಿನ ಗುಮ್ಮಟ. ಆ ಗುಮ್ಮಟದಿಂದ ಸೋಸಿ ಬರುವ ಬಿಸಿಲಿನಲ್ಲಿ ಕೂರಲೆಂದೇ ಜನ ದುಬಾರಿ ಕಾಫಿ ಕುಡಿಯುತ್ತಿದ್ದರು. ಈಗ ಇಡೀ ಕಟ್ಟಡವನ್ನು ಹೊಸದು ಮಾಡುತ್ತಿದ್ದರು. ಅಟ್ಟದ ಮೇಲಿದ್ದ ಹಳೆಯ ಮೂಟೆಗಳೆಲ್ಲ ಅವಳ ಕತ್ತರಿಗೆ ಬಂದಿದ್ದವು.

ಗಂಟನ್ನು ಸವರುತ್ತ ಸವರುತ್ತ ಎಷ್ಟೋ ವರ್ಷಗಳ ಹಿಂದಿನ ಆ ಮೊದಲ ದಿನ ಅವಳ ಕಣ್ಣಿಗೆ ಕಟ್ಟಿತು.

ಊಟದ ಹಾಲಿಗೆ ಹೊಸದಾಗಿ ಸೇರಿದ ವೇಟರ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲೊಂದು ನ್ಯಾಪ್ಕಿನ್.

"ಹೊಲಿಗೆ ಮೇಡಂ, ಇದು ಹರಿದಿದೆ."

"ಎಲ್ಲಿ?"

"ಎಲ್ಲೋ... ನೀವು ಹುಡುಕಿದ್ರೆ ಸಿಗುತ್ತೆ."

ಅವಳು ಕಣ್ಣೆತ್ತಿದಳು. ಅವನು ನಗುತ್ತಿರಲಿಲ್ಲ, ಕಣ್ಣುಗಳು ಮಾತ್ರ ನಗುತ್ತಿದ್ದವು. ಅವಳಿಗೆ ಸೂಜಿಯ ಕಣ್ಣೇ ಕಾಣದಾಯಿತು!

"ನೋಡಿ, ಹರಿದಿದ್ರೆ ಮೂಲೆಗೆ ಗಂಟು ಹಾಕಿ ಕೆಳಗೆ ಕಳಿಸ್ಬೇಕು. ಗಂಟು ಕಂಡ ಬಟ್ಟೆ ಸೀದಾ ನನ್ನ ರಿಪೇರಿ ಬುಟ್ಟಿಗೆ ಬರುತ್ತೆ. ಅದು ಯಾವ ಕಾರಣಕ್ಕೂ ಹಾಲಿಗೆ ಹೋಗಲ್ಲ. ನಾನೇ ಮಾಡಿಸಿದ ಪದ್ಧತಿ. ತಿಳೀತಾ?"

"ತಿಳೀತು. ನಿಮ್ಮ ಹತ್ರ ಬರ್ಬೇಕಾದ್ರೆ ಗಂಟು ಹಾಕ್ಕೋಬೇಕು."

ಮರುದಿನದಿಂದ ಅವಳ ಬುಟ್ಟಿಯಲ್ಲಿ ಎಲ್ಲೂ ಹರಿಯದ, ಗಂಟು ಹಾಕಿದ ನ್ಯಾಪ್ಕಿನ್‌ಗಳು ಬರತೊಡಗಿದವು. ಅವಳು ಬೈಯುತ್ತಿದ್ದಳು... ಬೈಯುತ್ತಲೇ ಕಾಯುತ್ತಿದ್ದಳು. ಅವನು ನ್ಯಾಪ್ಕಿನ್ನನ್ನು ಹೂವಾಗಿ, ಹಕ್ಕಿಯಾಗಿ ಮಡಚಿ ಅವಳ ಹೊಲಿಗೆ ಯಂತ್ರದ ಮೇಲಿಟ್ಟು ಹೋಗುತ್ತಿದ್ದ. ಹಕ್ಕಿಯನ್ನು ಬಿಚ್ಚಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಏದುಸಿರು ಬಿಡುತ್ತ ಓಡಿಬಂದ.

"ಸಮುದ್ರದ ಹತ್ರ ನಮ್ಮವರೇ ಇನ್ನೊಂದು ಹೋಟೆಲ್ ತೆಗೀತಿದ್ದಾರೆ. ನನ್ನನ್ನ ಕರೀತಿದ್ದಾರೆ. ನೀವು... ನನ್ನ ಮದುವೆ ಆಗ್ತೀನಿ ಅಂದ್ರೆ ಇಲ್ಲೇ ಇರ್ತೀನಿ. ಬೇಡ ಅಂದ್ರೆ ಬೆಳಿಗ್ಗೆನೇ ಹೊರಟೆ."

ಅವಳ ಕೆನ್ನೆ ಬಿಸಿಯಾಯಿತು.

"ನಂಗೆ ಬಾಯಲ್ಲಿ ಹೇಳೋಕಾಗಲ್ಲ... ಸಂಜೆ ಔತಣಕ್ಕೆ ನೀವೇ ತಾನೆ ನ್ಯಾಪ್ಕಿನ್ ಮಡಚೋದು? ಗಂಟಿರೋದು ಸಿಕ್ಕಿದ್ರೆ... ಹೂಂ ಅಂತ."

ಅವನು ಹೋದೊಡನೆ ಅವಳು ಇದ್ದುದರಲ್ಲೇ ಚೆಂದದ ನ್ಯಾಪ್ಕಿನ್ ಆರಿಸಿ ಗಂಟು ಹಾಕಿದಳು. ತನ್ನದೆಂದು ತಿಳಿಯಲೆಂದು ನೀಲಿ ನೂಲನ್ನೂ ಸುತ್ತಿದಳು. ಔತಣದ ನ್ಯಾಪ್ಕಿನ್‌ಗಳ ಅಟ್ಟಿಯ ನಡುವೆ ಇಟ್ಟು ಮೇಲೆ ಹಾಲಿಗೆ ಕಳಿಸಿದಳು.

ಬೆಳಿಗ್ಗೆ ಬಂದಾಗ ಅವನಿರಲಿಲ್ಲ!

'ಗಂಟು ನೋಡಿಯೂ ಹೋದನೇ? ತಮಾಷೆ ಮಾಡಿದನೇ?'

ಜ್ವರವೆಂದು ಹೇಳಿ ಅವಳು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಒಂದು ಪತ್ರ ಬರೆದಳು. ಕಳಿಸಲು ಸ್ವಾಭಿಮಾನ ಬಿಡಲಿಲ್ಲ. ಮತ್ತೆ ಕೆಲಸಕ್ಕೆ ಬಂದಾಗ ಕೆನೆಬಣ್ಣದ ಹೊಸ ನ್ಯಾಪ್ಕಿನ್‌ಗಳು ಬಂದಿದ್ದವು. ಹಳೆಯ ಬಿಳಿಯವೆಲ್ಲ, ರಿಪೇರಿ ಬುಟ್ಟಿಯಲ್ಲಿದ್ದವೂ ಸೇರಿ, ಬೇರೆ ಬೇರೆ ಮೂಟೆಗಳಾಗಿ ಅಟ್ಟ ಸೇರಿದ್ದವು.

ಆಮೇಲೆ ಅಕ್ಕ ತಂದ ಸಂಬಂಧಗಳಿಗೆಲ್ಲ ಅವಳದು ಒಂದೇ ಮಾತು, ಬೇಡ. "ಯಾವ ರಾಜಕುಮಾರ ಬರ್ಬೇಕೇ ನಿಂಗೆ?" ಎಂದು ಅಕ್ಕ ರೇಗುತ್ತಿದ್ದಳು. ಕಿವಿಯ ಮೇಲೆ ಬೆಳ್ಳಿಗೂದಲು ಇಣುಕಿದ ಮೇಲೂ, ಬಾಗಿಲಲ್ಲಿ ಯಾರ ನೆರಳು ಬಿದ್ದರೂ, ಅವಳ ಯಂತ್ರ ಒಂದು ಕ್ಷಣ ನಿಲ್ಲುತ್ತಿತ್ತು...

ಈಗ ಆ ಗಂಟು ಅವಳ ಅಂಗೈಯಲ್ಲಿತ್ತು. ಅದು ಬಂದ ಮೂಟೆಯ ಮೇಲೆ 'ರಿಪೇರಿ' ಎಂಬ ಚೀಟಿ ಇನ್ನೂ ಅಂಟಿಕೊಂಡಿತ್ತು.

'ಇದು ರಿಪೇರಿ ಮೂಟೆಯಲ್ಲಿ... ಅಂದರೆ ಹಾಲಿಗೆ ಹೋಗಲೇ ಇಲ್ಲ! ಗಂಟು ಕಂಡೊಡನೆ ಹರಿದದ್ದೆಂದು ಯಾರೋ ಎತ್ತಿ ಬುಟ್ಟಿಗೆ ಹಾಕಿದ್ದಾರೆ. ಊರಿಗೆಲ್ಲ ಪಾಠ ಹೇಳಿದವಳು ನಾನೇ ಮರೆತೆನಲ್ಲ!'

ಅವಳು ಹಿತ್ತಿಲ ಮೆಟ್ಟಿಲು ಬಿಟ್ಟು, ಕೆಲಸದವರು ತುಳಿಯಬಾರದ ಅಮೃತಶಿಲೆಯ ಮೆಟ್ಟಿಲನ್ನೇ ಹತ್ತಿ ಓಡಿದಳು. ಮುಂಬಾಗಿಲಲ್ಲಿ ನಿಂತು ಅತಿಥಿಗಳಿಗೆ ಬಾಗಿಲು ತೆಗೆಯುವ ಮುದುಕನನ್ನು ಎಲ್ಲರೂ ತಾತ ಎನ್ನುತ್ತಿದ್ದರು; ಆ ವೇಟರಿಗೆ ಅವನಲ್ಲಿ ತುಂಬ ಸಲಿಗೆಯಿತ್ತು.

"ತಾತ... ಆ ಔತಣದ ದಿನ ಅವರು ಏನ್ ಮಾಡ್ತಿದ್ರು?"

ಯಾರೆಂದು ತಾತ ಕೇಳಲಿಲ್ಲ.

"ಮಡಚಿದ್ದನ್ನ ಬಿಚ್ಚೋದು, ಬಿಚ್ಚಿದ್ದನ್ನ ಮಡಚೋದು. ತಲೆ ಕೆಡ್ತೇನೋ ಅಂದೆ. ಅತ್ತುಬಿಟ್ಟ ಕಣಮ್ಮ."

ಅವಳು ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಈಗ... ಮದುವೆ?"

"ಇಲ್ಲ. ಫೋನ್ ಮಾಡಿದಾಗೆಲ್ಲ ಹೊಲಿಗೆ ಮೇಡಂ ಹೇಗಿದ್ದಾರೆ ಅಂತಾನೆ. ಈಗ ಅಲ್ಲಿ ಊಟದ ಹಾಲಿಗೇ ಯಜಮಾನ. ನ್ಯಾಪ್ಕಿನ್ ಮಾತ್ರ ಈಗಲೂ ಅವನೇ ಮಡಚ್ತಾನಂತೆ."

"ನಂಗ್ಯಾಕೆ ಹೇಳ್ಲಿಲ್ಲ ತಾತ?"

"ಅವನ ಸುದ್ದಿ ಎತ್ತಿದ್ರೆ ನನ್ನ ಕೋಟಿನ ಗುಂಡಿ ಹೊಲಿಯಲ್ಲ ಅಂತ ಹೆದರಿಸಿದವಳು ಯಾರು?"

ಅಳುವೂ ನಗುವೂ ಒಟ್ಟಿಗೇ ಬಂದವು ಅವಳಿಗೆ.

ಕೆಳಗಿಳಿದು ಬಂದು, ಯಂತ್ರದ ಡ್ರಾಯರಿನ ತಳದಿಂದ ಹಳದಿಗಟ್ಟಿದ ಆ ಪತ್ರ ತೆಗೆದಳು. ಅದರಲ್ಲಿದ್ದದ್ದು ಒಂದೇ ಸಾಲು.

'ಗಂಟು ನೋಡಿಯೂ ಹೇಗೆ ಹೋದಿರಿ?'

ಅದರ ಕೆಳಗೆ ಇನ್ನೊಂದು ಸಾಲು ಬರೆದಳು.

'ನೀವು ನೋಡಿರಲೇ ಇಲ್ಲ. ಈಗ ನೋಡಿ. ಬಾಗಿಲ ಕಡೆ ನೋಡುತ್ತ ಕೂತಿದ್ದೇನೆ.'

ನ್ಯಾಪ್ಕಿನ್ನನ್ನು ಗಂಟು ಬಿಚ್ಚದೆ ಮಡಚಿ ಜೊತೆಗಿಟ್ಟಳು. ಲಕೋಟೆ ಉಬ್ಬಿಕೊಂಡಿತು. ಹೋಟೆಲಿನ ಅಂಚೆ ಚೀಲ ತಾತನ ಬಳಿಯೇ ಇತ್ತು.

"ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲಮ್ಮ?"

"ಗಂಟನ್ನ ಫೋನಲ್ಲಿ ಕೊಡೋಕಾಗುತ್ತಾ ತಾತ?"

ತಾತ ಲಕೋಟೆಯನ್ನು ಹಿಡಿದು ತೂಗಿ ನೋಡಿದ.

"ದಪ್ಪಗಿದೆ. ಒಳಗೇನಿದೆ ಅಂತ ಕೇಳ್ಲಾ?"

"ಹೂಂ..." ಎಂದಳು.

"ಕೇಳ್ಲಾ ಅಂದೆ."

"ಅದೇ ತಾತ. ಒಳಗಿರೋದೂ ಅದೇ. ಹೂಂ."

ತಾತ ಚೀಲದ ಬಾಯಿ ತೆರೆದು ಹಿಡಿದ. ಅವಳು ತನ್ನ ಕೈಯಾರೆ ಪತ್ರವನ್ನು ಒಳಗೆ ಬಿಟ್ಟಳು.