ಹಳದಿ ಚುಕ್ಕೆ ಬೀಳದ ನಟ್ಟುಗಳು

ಆ ಭಾನುವಾರ ನಮ್ಮ ಚಾಪೆಲ್ಲಿನಲ್ಲಿ ಮೊದಲ ಕೀರ್ತನೆಯನ್ನು ಎತ್ತಿಕೊಡುವವರಿರಲಿಲ್ಲ. ಆರ್ಗನ್ ಎರಡು ಸಲ ಶ್ರುತಿ ಕೊಟ್ಟಿತು. ಎಲ್ಲರೂ ಎರಡನೆಯ ಸಾಲಿನ ಖಾಲಿ ಜಾಗವನ್ನು ನೋಡಿದರು. ನಲವತ್ತೊಂದು ವರ್ಷ ಅಲ್ಲಿ ನಿಂತು ಹಾಡು ಎತ್ತಿಕೊಟ್ಟವನು ಇದ್ವಲ್ ಪ್ಯೂ. ಹಿಮ ಬಿದ್ದ ದಿನವೂ ತಪ್ಪಿಸಿದವನಲ್ಲ.

ನಾನು ಎದ್ದು ಹೊರಗೆ ಬಂದೆ. ಅವನ ಶೆಡ್ಡು ಚಾಪೆಲ್ಲಿನ ಹಿಂದಿನ ಓಣಿಯಲ್ಲೇ ಇದೆ. ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ರೇಡಿಯೋ ಹಾಡುತ್ತಿತ್ತು.

ಇದ್ವಲ್ ಹಳೆಯ ಲ್ಯಾಂಡ್ ರೋವರ್ ಜೀಪಿನ ಕೆಳಗೆ ಮಲಗಿದ್ದ. ಮುಂದಿನ ಚಕ್ರಗಳು ಗೋಡೆಗೆ ಒರಗಿದ್ದವು. ಬಂಡಿಯನ್ನು ಹೊತ್ತಿದ್ದ ಎರಡು ಕಬ್ಬಿಣದ ಸ್ಟ್ಯಾಂಡುಗಳಲ್ಲಿ ಬಲಗಡೆಯದು ಉರುಳಿತ್ತು. ಬಂಡಿಯ ಅಡಿಯ ಉಕ್ಕಿನ ಚೌಕಟ್ಟು, ಚಾಸಿ, ಅವನ ಎದೆಯ ಮೇಲೆ ಕೂತಿತ್ತು. ಕೈ ಮುಟ್ಟಿದೆ. ತಣ್ಣಗಿತ್ತು. ತಲೆಯ ಹಿಂದೆ ಕೂದಲಿಗೆ ರಕ್ತ ಅಂಟಿ ಒಣಗಿತ್ತು. ಮೊಣಕಾಲೂರಿ ಕರ್ತನ ಪ್ರಾರ್ಥನೆ ಹೇಳಿದೆ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದೆ.

ಕಾನ್‌ಸ್ಟೆಬಲ್ ತೆಗಿದ್ ಬಂದು ಸ್ಟ್ಯಾಂಡನ್ನು ತಿರುಗಿಸಿ ನೋಡಿದ. ಒಂದು ಕಾಲಿನ ಬೆಸುಗೆ ಬಿಟ್ಟಿತ್ತು. ಪಟ್ಟಿಯ ಮೇಲೆ ಮಾಡಿದವರ ಗುರುತು, ಸುತ್ತಿಗೆಯ ಆಕಾರದ ಸಣ್ಣ ಮುದ್ರೆ.

"ಇದು ಗ್ಲೆಸ್ನಿ ಬೆಬ್ ಮಾಡಿದ್ದು ಅಲ್ವಾ?" ಎಂದ.

ಗ್ಲೆಸ್ನಿ ನಮ್ಮ ಊರಿನ ಕಮ್ಮಾರಳು. ಬೆಸುಗೆ ಹಾಕುವುದನ್ನು ಅವಳಿಗೆ ಕಲಿಸಿದವನೇ ಇದ್ವಲ್. ಅವಳು ಬಾಗಿಲಲ್ಲಿ ನಿಂತಿದ್ದಳು. ಯಾರೂ ಏನೂ ಹೇಳುವ ಮೊದಲೇ ಹೇಳಿದಳು: "ನನ್ನ ಕೈಯಿಂದಲೇ ಹೋದ್ರು ಮಾಮ."

ಆ ಸಂಜೆ ಅವಳು ಕುಲುಮೆಗೆ ನೀರು ಸುರಿದಳೆಂದು ತಿಳಿಯಿತು.

\* \* \*

ಸೋಮವಾರ ಡೊಲ್ಗೆಲ್ಲಿಯಿಂದ ಇನ್‌ಸ್ಪೆಕ್ಟರ್ ನೆರಿಸ್ ಪ್ರೊಥೆರೊ ಬಂದಳು. ಸ್ಲೇಟ್ ಗಣಿಯ ಲಾರಿ ಮೆಕ್ಯಾನಿಕ್‌ನ ಮಗಳು. ಬಂದವಳೇ ಕೋಟು ತೆಗೆದು ನೆಲದ ಮೇಲೆ ಮಲಗಿದಳು. ಬಂಡಿಯನ್ನು ಆಗ ಮರದ ದಿಮ್ಮಿಗಳ ಮೇಲೆ ಎತ್ತಿಟ್ಟಿದ್ದರು.

"ಅಪಘಾತ ಮೇಡಂ," ಎಂದ ತೆಗಿದ್. "ಬೆಸುಗೆ ಬಿಟ್ಟಿದೆ. ವರದಿ ಬರೆದಾಗಿದೆ."

"ಸ್ಟ್ಯಾಂಡಿನ ಕಾಲು ಯಾವ ಕಡೆಗೆ ಬಾಗಿದೆ?"

"ಪಕ್ಕಕ್ಕೆ."

"ಭಾರ ಯಾವ ಕಡೆಗೆ ಒತ್ತುತ್ತೆ?"

ತೆಗಿದ್ ಸ್ಟ್ಯಾಂಡನ್ನು ಮತ್ತೊಮ್ಮೆ ನೋಡಿದ. "ಕೆಳಕ್ಕೆ."

"ವರದಿ ಜೇಬಲ್ಲೇ ಇರಲಿ."

ಅವಳು ಟಾರ್ಚು ಹಾಕಿ ಮುಂದಿನ ಸ್ಪ್ರಿಂಗ್‌ಗಳನ್ನು ನೋಡಿದಳು. ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಎರಡೂ ಹೊಸವು. ಹಳೆಯವು ಗೋಡೆಯ ಹತ್ತಿರ ತುಕ್ಕು ಹಿಡಿದು ಬಿದ್ದಿದ್ದವು.

"ಯಜಮಾನ್ರೇ, ನಿಮಗೆ ಇವರ ಕೆಲಸ ಗೊತ್ತಾ?" ಎಂದು ನನ್ನನ್ನು ಕೇಳಿದಳು.

"ಅರವತ್ತು ವರ್ಷದ ಸ್ನೇಹ ಕಣಮ್ಮ."

"ಈ ಬೋಲ್ಟುಗಳನ್ನ ಯಾವಾಗ ಬಿಗೀತಿದ್ರು?"

"ಬಂಡಿ ನೆಲಕ್ಕಿಳಿದ ಮೇಲೆ. ಅಲ್ಲೀತನಕ ಬೆರಳಲ್ಲಿ ತಿರುಗಿಸಿ ಬಿಡ್ತಿದ್ದ. ಮೇಲೆ ನೇತಾಡ್ತಿರೋವಾಗ ಬಿಗಿದ್ರೆ, ಇಳಿಸಿದಾಗ ಒಳಗಿನ ರಬ್ಬರ್ ತಿರುಚಿ ಹರಿದುಹೋಗುತ್ತೆ ಅಂತಿದ್ದ. ಬಿಗಿದ ಮೇಲೆ ಪ್ರತಿ ನಟ್ಟಿಗೂ ಒಂದು ಹಳದಿ ಚುಕ್ಕೆ ಇಡ್ತಿದ್ದ. ಚುಕ್ಕೆ ಇಲ್ಲದ ಬಂಡಿ ಈ ಬಾಗಿಲು ದಾಟಿದ್ದಿಲ್ಲ."

"ಇವೆಲ್ಲ ಕಲ್ಲಿನ ಹಾಗೆ ಬಿಗಿದಿವೆ. ಚುಕ್ಕೆ ಒಂದೂ ಇಲ್ಲ."

ಕಪಾಟಿನಲ್ಲಿ ಹಳದಿ ಬಣ್ಣದ ಡಬ್ಬಿ ಇತ್ತು. ಮುಚ್ಚಳವನ್ನು ತೆಗೆದ ಗುರುತಿರಲಿಲ್ಲ. ಅದರ ಪಕ್ಕದಲ್ಲಿದ್ದ ಕಪ್ಪು ಬಣ್ಣದ ಡಬ್ಬಿಯ ಮುಚ್ಚಳ ಮಾತ್ರ ಓರೆಯಾಗಿತ್ತು. ಅವಳು ಅದನ್ನೂ ನೋಡಿದಳು.

\* \* \*

ಗ್ಲೆಸ್ನಿಯನ್ನು ಕರೆಸಿದಳು.

"ಶನಿವಾರ ಇಲ್ಲಿಗೆ ಬಂದಿದ್ಯಾ?"

"ಐದು ಗಂಟೆಗೆ ಬಂದೆ. ಬಾಗಿಲು ತಟ್ಟಿದೆ. ರೇಡಿಯೋ ಕೇಳಿಸ್ತಿತ್ತು. ಕೆಲಸದಲ್ಲಿ ಮುಳುಗಿದ್ದಾರೆ ಅಂತ ವಾಪಸ್ ಹೋದೆ." ಅವಳೇ ಕೇಳಿದಳು. "ಒಳಗೆ ಹೋಗಿದ್ರೆ ಉಳೀತಿದ್ರಾ?"

"ಇಲ್ಲ," ಎಂದಳು ನೆರಿಸ್. "ಆ ಪ್ರಶ್ನೆಯನ್ನ ಇಲ್ಲೇ ಬಿಟ್ಟುಬಿಡು."

ಆಮೇಲೆ ಬಂಡಿಯ ಒಡೆಯ ಹೆಫಿನ್ ಗಿಟಿನ್ಸ್ ಬಂದ. ಹರಾಜು ಕೂಗುವವನು. ಮುಂದಿನ ತಿಂಗಳು ಈ ಬಂಡಿಯನ್ನೇ ಹರಾಜಿಗೆ ಇಡುವವನಿದ್ದ. ಅವನು ಓಡಿಸುವುದು ಇನ್ನೊಂದು ಲ್ಯಾಂಡ್ ರೋವರ್, ಹಸಿರು ಬಣ್ಣದ್ದು. ಅದು ಬಲಕ್ಕೆ ವಾಲಿಕೊಂಡೇ ಓಡುತ್ತಿತ್ತು. "ಹೆಫಿನ್, ನಿನ್ನ ಬಂಡಿ ನಿನಗಿಂತ ಚೆನ್ನಾಗಿ ತಲೆ ಬಾಗಿಸುತ್ತೆ. ಅದನ್ನೇ ಪ್ರಾರ್ಥನೆಗೆ ಕಳಿಸಪ್ಪ," ಎಂದು ಇದ್ವಲ್ ಚಾಪೆಲ್ಲಿನ ಅಂಗಳದಲ್ಲಿ ಅವನನ್ನು ಗೇಲಿ ಮಾಡುತ್ತಿದ್ದ.

"ಶನಿವಾರ ಮೂರು ಗಂಟೆಗೆ ಬಂದಿದ್ದೆ," ಎಂದ ಗಿಟಿನ್ಸ್. "ಐದು ನಿಮಿಷ ನಿಂತು ಹೋದೆ. ಹೊಸ ಸ್ಪ್ರಿಂಗ್‌ಗಳು ಇನ್ನೂ ಬಿಚ್ಚದ ಪೆಟ್ಟಿಗೆಯಲ್ಲೇ ಇದ್ದವು. ನಾಲ್ಕಕ್ಕೆ ನಮ್ಮ ಗಾಯನ ತಂಡದ ಬಸ್ಸು. ಅಬರಿಸ್ಟ್ವಿತ್‌ನಿಂದ ವಾಪಸ್ ಬಂದಾಗ ರಾತ್ರಿ ಹನ್ನೊಂದು. ಮೂವತ್ತು ಜನ ಸಾಕ್ಷಿ ಇದ್ದಾರೆ."

"ಅಂದ್ರೆ ನೀವು ಹೋದ ಮೇಲೆ ಇದ್ವಲ್ ಎರಡು ಮೂರು ಗಂಟೆ ಕೆಲಸ ಮಾಡಿದ್ದಾರೆ."

"ಸ್ಪ್ರಿಂಗ್‌ಗಳೇ ಹೇಳ್ತಿವೆಯಲ್ಲ. ಪಾಪ, ಆ ಹುಡುಗಿಯನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಆದ್ರೆ ಬೆಸುಗೆ ಹೆಂಗಸರ ಕೆಲಸ ಅಲ್ಲ."

"ನೀವು ಯಾವತ್ತಾದ್ರೂ ಸ್ಪ್ರಿಂಗ್ ಹಾಕಿದ್ದೀರಾ?"

"ಹೊರಗೆ ನಿಂತಿರೋದಕ್ಕೆ ನಾನೇ ಹಾಕಿದ್ದು. ಬೆಲ್ಜಿಯಂನಲ್ಲಿ ಹತ್ತು ವರ್ಷ ಇದ್ದೆ. ಅಲ್ಲಿ ಮೂರು ಬಂಡಿಗೆ ಹಾಕಿದ್ದೀನಿ."

ನೆರಿಸ್ ಬಾಗಿಲಿನಿಂದ ಹಸಿರು ಬಂಡಿಯನ್ನು ಬಹಳ ಹೊತ್ತು ನೋಡಿದಳು.

\* \* \*

"ಗ್ಲೆಸ್ನಿ, ಚಕ್ರ ಹಾಕು. ಬಂಡಿಯನ್ನ ನೆಲಕ್ಕಿಳಿಸು."

"ಬೇರೆ ಯಾರಾದ್ರೂ ಮಾಡ್ಲಿ ಮೇಡಂ."

"ನೀನೇ ಮಾಡಬೇಕು."

ಗ್ಲೆಸ್ನಿ ಸ್ಪ್ಯಾನರ್ ಎತ್ತಿಕೊಂಡಳು. ಚಕ್ರ ಹಾಕಿ, ಬಂಡಿಗೆ ಜಾಕು ಕೊಟ್ಟಳು. ಅವಳು ದಿಮ್ಮಿ ತೆಗೆದಳು. ಜಾಕನ್ನು ನಿಧಾನವಾಗಿ ಇಳಿಸಿದಳು. ಬಂಡಿ ಉಸಿರು ಬಿಟ್ಟಂತೆ ನೆಲಕ್ಕೆ ಕೂತಿತು.

ಅದು ಬಲಕ್ಕೆ ವಾಲಿತ್ತು. ಬಾಗಿಲಾಚೆ ಹಸಿರು ಬಂಡಿಯೂ ಅದೇ ಕಡೆಗೆ, ಅಷ್ಟೇ ವಾಲಿ ನಿಂತಿತ್ತು.

"ಯಾಕೆ ಹೀಗೆ?" ಎಂದಳು ನೆರಿಸ್.

"ಸ್ಪ್ರಿಂಗ್‌ಗಳು ಅದಲು ಬದಲಾಗಿವೆ," ಎಂದಳು ಗ್ಲೆಸ್ನಿ. ಅವಳ ದನಿ ಬದಲಾಗಿತ್ತು. "ಎರಡರಲ್ಲಿ ಒಂದಕ್ಕೆ ಬಾಗು ಜಾಸ್ತಿ, ಎತ್ತರವೂ ಜಾಸ್ತಿ ಇರುತ್ತೆ. ಅದು ಚಾಲಕ ಕೂರೋ ಕಡೆಗೆ. ಅವನ ಭಾರ, ಪೆಟ್ರೋಲ್ ಟ್ಯಾಂಕಿನ ಭಾರ ಎರಡೂ ಆ ಕಡೆಗೇ ಬೀಳುತ್ತಲ್ಲ. ಇಲ್ಲಿ ಚಾಲಕ ಕೂರೋದು ಬಲಕ್ಕೆ. ಇದನ್ನ ಎಡಕ್ಕೆ ಹಾಕಿದ್ದಾರೆ. ಇದ್ವಲ್ ಮಾಮ ಕಣ್ಣು ಮುಚ್ಚಿದ್ರೂ ಹೀಗೆ ಹಾಕ್ತಿರಲಿಲ್ಲ."

"ಬೆಲ್ಜಿಯಂನಲ್ಲಿ ಚಾಲಕ ಎಲ್ಲಿ ಕೂರ್ತಾನೆ ಗಿಟಿನ್ಸ್ ಅವರೇ?"

ಗಿಟಿನ್ಸ್ ಹಸಿರು ಬಂಡಿಯತ್ತ ತಿರುಗಿದ. ನೆರಿಸ್ ತಾನೇ ಹೇಳಿದಳು.

"ಎಡಕ್ಕೆ. ಹತ್ತು ವರ್ಷ ಎತ್ತರದ ಸ್ಪ್ರಿಂಗನ್ನ ಎಡಕ್ಕೆ ಹಾಕಿದ ಕೈ ನಿಮ್ಮದು. ಊರಿಗೆ ಬಂದ ಮೇಲೂ ಆ ಕೈ ಬದಲಾಗಲಿಲ್ಲ. ನೀವು ಬಂದದ್ದು ಮೂರಕ್ಕಲ್ಲ, ಮಧ್ಯಾಹ್ನಕ್ಕೆ ಮೊದಲೇ. ಆಗ ಹಳೆಯ ಸ್ಪ್ರಿಂಗ್‌ಗಳನ್ನ ಬಿಚ್ಚಿಯಾಗಿತ್ತು. ಇದ್ವಲ್ ತಲೆಗೆ ಹೊಡೆದಿರಿ. ಹೊಸದನ್ನ ನೀವೇ ಹಾಕಿದಿರಿ. ಅವು ಬಂಡಿಯಲ್ಲಿ ಕಂಡ್ರೆ, ನೀವು ಬಸ್ಸಿನಲ್ಲಿದ್ದಾಗ ಇದ್ವಲ್ ಬದುಕಿದ್ರು ಅಂತ ಊರು ನಂಬುತ್ತೆ. ಕೊನೆಗೆ ಅವರನ್ನ ಕೆಳಗೆ ಎಳೆದು, ಸ್ಟ್ಯಾಂಡಿಗೆ ಸುತ್ತಿಗೆಯಿಂದ ಪಕ್ಕಕ್ಕೆ ಹೊಡೆದಿರಿ. ಗ್ಲೆಸ್ನಿಯ ಬೆಸುಗೆ ಭಾರಕ್ಕೆ ಬಿಟ್ಟದ್ದಲ್ಲ, ನಿಮ್ಮ ಏಟಿಗೆ ಬಿಟ್ಟದ್ದು."

"ಐವತ್ತು ವರ್ಷದ ಪರಿಚಯ ನಮ್ಮದು. ನಾನ್ಯಾಕೆ ಅವನನ್ನ ಕೊಲ್ಲಲಿ?"

ನೆರಿಸ್ ಬಲಗಡೆಯ ಸ್ಪ್ರಿಂಗಿನ ಮುಂದಿನ ತುದಿ ಸೇರುವ ಜಾಗಕ್ಕೆ ಟಾರ್ಚು ಹಿಡಿದಳು. ಎಡಗಡೆ ಅದೇ ಜಾಗ ಉಜ್ಜಿದ ಬರಿ ಕಬ್ಬಿಣ. ಬಲಗಡೆ ಅಂಗೈಯಗಲ ಕಪ್ಪು ಬಣ್ಣ, ಅದರಲ್ಲೊಂದು ಹೆಬ್ಬೆರಳಿನ ಗುರುತು.

"ಚಾಸಿಯ ನಂಬರ್ ಕೆತ್ತೋದು ಇಲ್ಲೇ. ಸ್ಪ್ರಿಂಗ್ ಬಿಚ್ಚಿದ ಮೇಲೆ ಇದ್ವಲ್ ತುಕ್ಕು ಉಜ್ಜಿದ್ರು. ನಂಬರ್ ಕಾಣಿಸ್ತು. ನಿಮ್ಮ ಕಾಗದದಲ್ಲಿರೋ ನಂಬರ್ ಅದಲ್ಲ. ನಾಲ್ಕು ವರ್ಷದ ಹಿಂದೆ ಬಾಲಾ ಊರಿನ ಕಡೆಯ ಒಂದು ಕೊಟ್ಟಿಗೆಯಿಂದ ಕಳುವಾದ ಬಂಡಿ ಇದು. ಬೆಳಿಗ್ಗೆ ಬಣ್ಣ ಕೆರೆಯೋಕೆ ಮೊದಲು ಆ ಗುರುತಿನ ಚಿತ್ರ ತೆಗೆಸಿದ್ದೀನಿ, ಪಕ್ಕದಲ್ಲಿ ಕೆರೆದು ನಂಬರ್ ಓದಿ, ಕಳವಿನ ಪಟ್ಟಿಯಲ್ಲಿ ನೋಡಿದ್ದೀನಿ. ಈಗ ನಿಮ್ಮ ಹೆಬ್ಬೆರಳು ಕೊಡಿ."

ಗಿಟಿನ್ಸ್ ಕೈಗಳನ್ನು ಜೇಬಿಗೆ ಹಾಕಿಕೊಂಡ. ತೆಗಿದ್ ಬಾಗಿಲಿಗೆ ಅಡ್ಡ ನಿಂತ.

"ಅವನು ನನಗೆ ಒಂದು ದಿನ ಕೊಟ್ಟ," ಎಂದ ಗಿಟಿನ್ಸ್ ಕೊನೆಗೆ. ಮಾತು ನನ್ನ ಕಡೆಗಿತ್ತು. "ನಾಳೆ ಆರಾಧನೆ ಮುಗಿಯೋದರೊಳಗೆ ನೀನೇ ಹೋಗಿ ಪೊಲೀಸರಿಗೆ ಹೇಳು ಹೆಫಿನ್, ನಾನೂ ಜೊತೆಗೆ ಬರ್ತೀನಿ ಅಂದ. ಹೇಳಿ ಬೆನ್ನು ತಿರುಗಿಸಿ ಸ್ಪ್ಯಾನರ್ ಎತ್ತಿಕೊಂಡ."

ಇದ್ವಲ್ ಅಂಥವನೇ. ಯಾರಿಗೂ ಬೆನ್ನು ತಿರುಗಿಸಲು ಹೆದರಿದವನಲ್ಲ.

\* \* \*

ವೈದ್ಯರ ವರದಿ ಬುಧವಾರ ಬಂತು. ಪ್ರಾಣ ಹೋದದ್ದು ತಲೆಯ ಹಿಂದೆ ಬಿದ್ದ ಏಟಿನಿಂದ, ಎದೆಯ ಮೂಳೆಗಳು ಮುರಿದದ್ದು ಆಮೇಲೆ. ತೆಗಿದ್ ತನ್ನ ಹಳೆಯ ವರದಿಯನ್ನು ಗ್ಲೆಸ್ನಿಯ ಎದುರಿಗೇ ಹರಿದುಹಾಕಿದ. "ನಾನೊಬ್ಬ ಕತ್ತೆ ಕಣೇ," ಎಂದ.

"ಗೊತ್ತು," ಎಂದಳು ಅವಳು.

ಶನಿವಾರ ಅವಳು ನನ್ನ ಹತ್ತಿರವಿದ್ದ ಶೆಡ್ಡಿನ ಕೀಲಿಕೈ ಕೇಳಲು ಬಂದಳು. ಬಾಲಾದ ಒಡೆಯನಿಗೆ ಬಂಡಿಯನ್ನು ಕಳಿಸಬೇಕಿತ್ತು. "ಹೀಗೆ ವಾಲಿಸಿ ಕಳಿಸಿದ್ರೆ ಮಾಮ ಬೈತಾರೆ," ಎಂದಳು.

ನಾನು ಸ್ಟೂಲಿನ ಮೇಲೆ ಕೂತು ನೋಡಿದೆ. ಅವಳು ತಾನು ಮಾಡಿದ ಇನ್ನೊಂದು ಜೊತೆ ಸ್ಟ್ಯಾಂಡುಗಳನ್ನು ತಂದಿದ್ದಳು. ಬಂಡಿಯನ್ನು ಅವುಗಳ ಮೇಲೆ ಕೂರಿಸಿದಳು. ಒಂದು ಗಳಿಗೆ ನಿಂತಳು. ಆಮೇಲೆ ಕೆಳಗೆ ತೂರಿದಳು. ಸ್ಪ್ರಿಂಗ್‌ಗಳನ್ನು ಬಿಚ್ಚಿ ಬದಲಿಸಿದಳು. ಬೋಲ್ಟುಗಳನ್ನು ಬೆರಳಿನಲ್ಲೇ ತಿರುಗಿಸಿ ಬಿಟ್ಟಳು. ಚಕ್ರ ಹಾಕಿ ನೆಲಕ್ಕಿಳಿಸಿ, ಬಂಡಿಯನ್ನು ನಾಲ್ಕು ಸಲ ಒತ್ತಿ ಕುಲುಕಿ, ಒಂದೊಂದಾಗಿ ಬಿಗಿದಳು. ಬಂಡಿ ನೆಟ್ಟಗೆ ನಿಂತಿತು.

ಕಪಾಟಿನ ಹಳದಿ ಡಬ್ಬಿಯ ಮುಚ್ಚಳ ಅಂಟಿಕೊಂಡಿತ್ತು. ಅವಳು ಸ್ಕ್ರೂಡ್ರೈವರ್‌ನಿಂದ ಅದನ್ನು ಮೀಟಿ ತೆಗೆದಳು. ಪ್ರತಿ ನಟ್ಟಿಗೂ ಒಂದೊಂದು ಚುಕ್ಕೆ ಇಟ್ಟಳು. ಇಡುತ್ತಾ ಇದ್ವಲ್ ಎತ್ತಿಕೊಡುತ್ತಿದ್ದ ಕೀರ್ತನೆಯ ಮೊದಲ ಸಾಲನ್ನು ಮೆಲ್ಲಗೆ ಗುನುಗಿದಳು. ಶ್ರುತಿ ಸರಿಯಾಗಿತ್ತು.

"ನಾಳೆ ನೀನೇ ಎತ್ತಿಕೊಡಮ್ಮ," ಎಂದೆ.

"ಎರಡನೇ ಸಾಲಿನ ಮಾಮನ ಜಾಗದಿಂದಲಾ?"

"ಅಲ್ಲಿಂದಲೇ."